ಹಿಮನದಿಯ ತೊಟ್ಟಿ

ಟ್ರಾಮಿನಲ್ಲಿ ಎದುರು ಕುಳಿತಿದ್ದ ಹೆಂಗಸು ಹಿಡಿದಿದ್ದ ಪತ್ರಿಕೆಯ ಹಿಂಬದಿಯಲ್ಲಿ ದಪ್ಪ ಅಕ್ಷರದ ‘ತೊಟ್ಟಿ’ ಎಂಬ ಪದವನ್ನು ಕಂಡಾಗ ಪ್ರದ್ಯುಮ್ನನಿಗೆ ಸೆಕೆಯಿಂದ ತನ್ನ ತಲೆ ಕೆಟ್ಟಿರಬೇಕು ಅನ್ನಿಸಿತು. ರೋಮನ್ ಲಿಪಿ, ಜರ್ಮನ್ ಪತ್ರಿಕೆ, ಡಾರ್ಮ್‌ಸ್ಟಾಟಿನ ಟ್ರಾಮು, ಅದರೊಳಗೆ ತೊಟ್ಟಿ. ಎರಡು ಸಾವಿರದ ಮೂರರ ಆ ಆಗಸ್ಟಿನಲ್ಲಿ ಯಾರಿಗೆ ಏನು ಕಂಡರೂ ಆಶ್ಚರ್ಯವಿರಲಿಲ್ಲ. ಫ್ಯಾನೆಂಬ ವಸ್ತುವೇ ಇಲ್ಲದ ಮನೆಗಳಲ್ಲಿ ಜನ ಬಾಗಿಲು ತೆರೆದಿಟ್ಟು ನೆಲದ ಮೇಲೆ ಮಲಗುತ್ತಿದ್ದರು, ಅಂಗಡಿಗಳಲ್ಲಿ ಫ್ಯಾನುಗಳು ಖಾಲಿಯಾಗಿದ್ದವು, ನೀನು ಇಂಡಿಯಾದವನು ನಿನಗಿದು ಅಭ್ಯಾಸವಲ್ಲವೇ ಎಂದು ಆಫೀಸಿನಲ್ಲಿ ದಿನಕ್ಕೊಬ್ಬರು ಕೇಳುತ್ತಿದ್ದರು. ಅವನು ಹೌದು ಹೌದು ಎಂದು ಬೆವರು ಒರೆಸಿಕೊಳ್ಳುತ್ತಿದ್ದ. ಈಗ ಕುತ್ತಿಗೆ ಬಗ್ಗಿಸಿ ಓದಲು ನೋಡಿದ. ‘ತೊಟ್ಟಿ ಯಾವಾಗ ಒಡೆಯುತ್ತದೆ?’ ಎಂದಿತ್ತು ತಲೆಬರಹ. ಕೆಳಗೊಂದು ಬೆಟ್ಟದ ಚಿತ್ರ, ಬೆಟ್ಟದ ಹೊಟ್ಟೆಯೊಳಗೆ ನೀಲಿ ಬಣ್ಣದಲ್ಲಿ ಬಿಡಿಸಿದ ಮೊಟ್ಟೆಯಾಕಾರದ ಕೆರೆ. ಇನ್ನೂ ಸ್ವಲ್ಪ ಬಗ್ಗಿದ. ಹೆಂಗಸು ಪತ್ರಿಕೆಯನ್ನು ಕೆಳಗಿಳಿಸಿ ಅವನನ್ನು ನೋಡಿದಳು, ತನ್ನ ಕೈಚೀಲವನ್ನು ತೊಡೆಯಿಂದ ಎದೆಗೆ ಏರಿಸಿಕೊಂಡಳು. ಅಯ್ಯೋ ತಾಯಿ, ಆ ಕೆರೆ ನನ್ನದು ಎಂದು ಅವಳಿಗೆ ಹೇಳಬೇಕೆನ್ನಿಸಿತು. ಮುಂದಿನ ನಿಲ್ದಾಣದಲ್ಲಿ, ಅದು ತನ್ನ ನಿಲ್ದಾಣವಲ್ಲದಿದ್ದರೂ, ಇಳಿದುಬಿಟ್ಟ.

ಇಳಿದು ಬಿಸಿಲಿನಲ್ಲಿ ನಡೆಯುತ್ತ ನೆನಪಿಸಿಕೊಂಡ. ಆ ಪದವನ್ನು ಬರೆದದ್ದು ಮೇ ತಿಂಗಳ ಒಂದು ಮಧ್ಯಾಹ್ನ, ಊಟದ ಮಂಪರಿನಲ್ಲಿ. ಅವನು ಕೆಲಸ ಮಾಡುತ್ತಿದ್ದ ಸಣ್ಣ ಸಂಸ್ಥೆ ದಕ್ಷಿಣದ ತುದಿಯ ಬೆಟ್ಟಸಾಲಿನಲ್ಲಿದ್ದ ಒಂದು ಪುಟ್ಟ ಹಿಮನದಿಯಿಂದ ಎಷ್ಟು ನೀರು ಬರಬಹುದೆಂದು ಕೆಳಗಿನ ಊರಿಗೂ ಅಲ್ಲಿಯ ವಿದ್ಯುತ್ ಕೇಂದ್ರಕ್ಕೂ ಮುಂಚಿತವಾಗಿ ತಿಳಿಸುವ ಗುತ್ತಿಗೆ ಹಿಡಿದಿತ್ತು. ಕಂಪ್ಯೂಟರಿನವರಿಗೆಂದು ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಬಂದು, ಮೊದಲು ಬ್ಯಾಂಕೊಂದರ ಪ್ರೋಗ್ರಾಂ ಬರೆದು, ಆ ಕಂಪನಿ ಮುಳುಗಿದ ಮೇಲೆ ಇಲ್ಲಿ ಸೇರಿದ್ದ ಪ್ರದ್ಯುಮ್ನ ಹಿಮನದಿಯನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಎಲ್ಲೂ ನೋಡಿದವನಲ್ಲ. ಆದರೂ ಲೆಕ್ಕ ಸುಲಭವಾಗಿ ಅರ್ಥವಾಗಿತ್ತು. ಬಿಸಿಲು ಇಷ್ಟಿದ್ದರೆ ಮಂಜು ಇಷ್ಟು ಕರಗುತ್ತದೆ. ಕರಗಿದ್ದು ಕೂಡಲೇ ಹೊರಗೆ ಬರುವುದಿಲ್ಲ, ಮೊದಲು ಮೇಲಿನ ಹಿಮ ಸ್ಪಂಜಿನಂತೆ ಹೀರಿಕೊಳ್ಳುತ್ತದೆ, ಚಳಿಗಾಲದಲ್ಲಿ ಮುಚ್ಚಿಹೋದ ಒಳಗಿನ ಕಾಲುವೆಗಳು ಬೇಸಿಗೆಯಲ್ಲಿ ಮೆಲ್ಲಗೆ ತೆರೆದುಕೊಳ್ಳುತ್ತವೆ, ಅಲ್ಲಿಯವರೆಗೆ ನೀರು ಒಳಗೆಲ್ಲೋ ಕಾಯುತ್ತಿರುತ್ತದೆ. ಕಾಯುತ್ತಿರುವ ನೀರಿಗೆ ಪ್ರೋಗ್ರಾಮಿನಲ್ಲಿ ಒಂದು ಡಬ್ಬ ಬೇಕಿತ್ತು. ಡಬ್ಬಕ್ಕೊಂದು ಹೆಸರು ಬೇಕಿತ್ತು. ತೊಟ್ಟಿ ಎಂದು ಇಟ್ಟ. ಜೂನ್ ಬಂತು, ಜುಲೈ ಬಂತು, ಈ ಹಾಳು ಬಿಸಿಲು ಬಂತು. ಕಂಪ್ಯೂಟರಿನಲ್ಲಿ ಹಿಮನದಿ ಭೋರೆಂದು ಕರಗತೊಡಗಿತು, ಊರಿನ ಬಳಿ ಹಳ್ಳದಲ್ಲಿಟ್ಟ ಅಳತೆಯ ಯಂತ್ರ ಮಾತ್ರ ಅದರ ಕಾಲುಭಾಗ ನೀರನ್ನೂ ತೋರಿಸಲಿಲ್ಲ. ಮಿಕ್ಕ ನೀರು ಎಲ್ಲಿ? ಬಾಸ್ ಕೇಳುವ ಮೊದಲು ಗ್ರಾಫ್ ಸರಿಹೋಗಬೇಕಿತ್ತು. ಅವನು ತೊಟ್ಟಿಗಿದ್ದ ಗರಿಷ್ಠ ಮಿತಿಯನ್ನು ತೆಗೆದುಹಾಕಿದ. ಬಾರದ ನೀರೆಲ್ಲ ತೊಟ್ಟಿಗೆ ಹೋಯಿತು, ಗ್ರಾಫ್ ನಿಜದ ಹಳ್ಳದೊಂದಿಗೆ ಬೆರಳಿಗೆ ಉಂಗುರದಂತೆ ಕೂತಿತು, ಬಾಸ್ ಬೆನ್ನು ತಟ್ಟಿದ. ತೊಟ್ಟಿ ದಿನೇ ದಿನೇ ತುಂಬುತ್ತಿರುವುದನ್ನು, ಅದರ ಅಂಕಿ ಊರಿಗೆ ಹೋಗುವ ವಾರದ ವರದಿಯ ಕೊನೆಯ ಸಾಲಿನಲ್ಲಿ ತನ್ನಷ್ಟಕ್ಕೆ ಅಚ್ಚಾಗುತ್ತಿರುವುದನ್ನು ಅವನು ಗಮನಿಸಿರಲಿಲ್ಲ. ಗಮನಿಸಿದ್ದ. ಗಮನಿಸಿ, ಆಮೇಲೆ ನೋಡೋಣ ಅಂದುಕೊಂಡಿದ್ದ.

ಆಫೀಸಿನಲ್ಲಿ ಬಾಸ್ ಬ್ರಾಂಡೌ ಬಾಗಿಲಲ್ಲೇ ನಿಂತಿದ್ದ. ಎತ್ತರದ ಆಳು, ಈ ಸೆಕೆಗೆ ಚಡ್ಡಿ ಹಾಕಿಕೊಂಡು ಬಂದಿದ್ದರಿಂದ ಇನ್ನೂ ಎತ್ತರ ಕಾಣುತ್ತಿದ್ದ. ಅವನ ಮುಖದಲ್ಲಿ ಕೋಪವಿರಲಿಲ್ಲ, ಮದುವೆಮನೆಯ ಕಳೆಯಿತ್ತು.

“ಪ್ರಾಡ್ಯೂಮ್, ನಿನ್ನ ಟೋಟ್ಟಿ ಪತ್ರಿಕೆಯಲ್ಲಿ ಬಂದಿದೆ! ಜಿಲ್ಲಾ ಕಚೇರಿಯಿಂದ ಫೋನು, ಟೀವಿಯವರ ಫೋನು. ನಾಳೆ ಬೆಳಗ್ಗೆ ಊರು ಖಾಲಿ ಮಾಡಿಸುತ್ತಿದ್ದಾರೆ.”

“ಊರನ್ನೇ?”

“ಒಳಗೆ ಅಷ್ಟು ನೀರಿದೆ ಅಂತ ನಾವೇ ಬರೆದಿದ್ದೇವಲ್ಲ. ಅಂದಹಾಗೆ ಈ ಟೋಟ್ಟಿ ಯಾರು? ಇಟಲಿಯ ವಿಜ್ಞಾನಿಯೇ? ಪತ್ರಿಕೆಯವನು ಕೇಳಿದ, ನಾನು ಹೌದೆಂದೆ.”

ಪ್ರದ್ಯುಮ್ನ ಹೊಸ್ತಿಲಲ್ಲೇ ನಿಂತ. ಈಗ ಹೇಳಬೇಕು. ತೊಟ್ಟಿ ಅಂದರೆ ತೊಟ್ಟಿ, ಸಿಮೆಂಟಿನದು, ಹಿತ್ತಲಲ್ಲಿರುತ್ತದೆ, ಅದರಲ್ಲಿ ಪಾಚಿ ಕಟ್ಟುತ್ತದೆ ಎಂದು ಹೇಳಬೇಕು. ಮಿತಿ ತೆಗೆದದ್ದು ನಾನೇ ಎನ್ನಬೇಕು. ಎಂದರೆ ಏನಾಗುತ್ತದೆ? ಕೆಲಸ ಹೋಗುತ್ತದೆ. ಕೆಲಸ ಹೋದರೆ ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ಹಸಿರು ಚೀಟಿ ಹೋಗುತ್ತದೆ. ಕಿಂಡರ್‌ಗಾರ್ಟನ್‌ನಲ್ಲಿ ಅಳುವುದನ್ನು ಈಗಷ್ಟೇ ನಿಲ್ಲಿಸಿರುವ ಮಗಳು ಮಾಯಾಳನ್ನು ಎತ್ತಿಕೊಂಡು ಹೆಂಡತಿ ಭಾವನಾ ಮತ್ತೆ ಸೂಟ್‌ಕೇಸು ಕಟ್ಟಬೇಕಾಗುತ್ತದೆ. ಅಷ್ಟರಲ್ಲಿ ಬ್ರಾಂಡೌ ಅವನ ಎರಡೂ ಹೆಗಲು ಹಿಡಿದು, ನಾಳೆ ನೀನೇ ಅಲ್ಲಿರಬೇಕು, ತಜ್ಞ ಬರುತ್ತಾನೆಂದು ಮಾತು ಕೊಟ್ಟಿದ್ದೇನೆ ಎಂದ. ತಜ್ಞ ಎಂಬ ಪದ ಕೇಳಿ ಪ್ರದ್ಯುಮ್ನ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

ಮಾರನೆಯ ಬೆಳಗ್ಗೆ ಅವನನ್ನು ಕಾರಿನಲ್ಲಿ ಕರೆದುಕೊಂಡು ಹೊರಟವರು ಡಾಕ್ಟರ್ ಗೋಪಿನಾಥ. ಮೈಸೂರಿನವರು, ಪ್ರದ್ಯುಮ್ನ ಹುಟ್ಟುವ ಮೊದಲೇ ಜರ್ಮನಿಗೆ ಬಂದು ಹಿಮ ನೀರಾಗುವುದನ್ನೇ ಜೀವನಪೂರ್ತಿ ಅಳೆದು ನಿವೃತ್ತರಾದವರು. ಯುಗಾದಿಯ ಊಟದಲ್ಲಿ ಪರಿಚಯವಾಗಿ, ಈ ಕೆಲಸಕ್ಕೆ ಅವನ ಹೆಸರು ಹೇಳಿದ್ದವರೂ ಅವರೇ. ಹಿಂದಿನ ಸಂಜೆ ಫೋನು ಮಾಡಿ ಎಲ್ಲವನ್ನೂ ಹೇಳಿಬಿಡಬೇಕೆಂದಿದ್ದವನು, ಅವರ ಹೆಂಡತಿ ಶಾಮಲಾ ಫೋನೆತ್ತಿ “ಏನಪ್ಪಾ, ಟೀವೀಲೆಲ್ಲಾ ನಿನ್ನ ತೊಟ್ಟೀನೇ!” ಎಂದು ನಕ್ಕಾಗ ಬರೀ ಕಾರು ಕೇಳಿದ್ದ. ಹೆದ್ದಾರಿಯ ಇಕ್ಕೆಲಗಳಲ್ಲಿ ಜೋಳದ ಹೊಲಗಳು ಸುಟ್ಟ ಕಾಗದದ ಬಣ್ಣಕ್ಕೆ ತಿರುಗಿದ್ದವು. ಉಲ್ಮ್ ನಗರ ದಾಟುವವರೆಗೂ ಗೋಪಿನಾಥರು ಯಾವುದೋ ದೇವರನಾಮವನ್ನು ಮೂಗಿನಲ್ಲೇ ಗುನುಗುತ್ತಿದ್ದರು. ಆಮೇಲೆ, ಕಣ್ಣನ್ನು ರಸ್ತೆಯಿಂದ ತೆಗೆಯದೆ ಕೇಳಿದರು.

“ಎಷ್ಟಪ್ಪಾ ಲಿಮಿಟ್ ಇಟ್ಟಿದ್ದೆ ಆ ಸ್ಟೋರೇಜ್‌ಗೆ?”

“ಇಡ್ಲಿಲ್ಲ ಸರ್. ಅಂದ್ರೆ, ಇತ್ತು. ತೆಗೆದೆ.”

“ಹೂಂ.” ಅವರು ಒಂದು ಲಾರಿಯನ್ನು ಹಿಂದೆ ಹಾಕಿದರು. “ನೋಡು, ಏಪ್ರಿಲ್ಲು ಮೇನಲ್ಲಾದ್ರೆ ಹಿಮ ನೀರನ್ನ ಹಿಡ್ಕೊಂಡಿರುತ್ತೆ, ಒಪ್ತೀನಿ. ಒಳಗಿನ ದಾರಿಗಳು ಇನ್ನೂ ತೆಗೆದಿರಲ್ಲ. ಆಗಸ್ಟಲ್ಲಿ ಏನು ಹಿಡ್ಕೊಳುತ್ತೆ? ದಾರಿ ಎಲ್ಲಾ ಓಪನ್. ಮಧ್ಯಾಹ್ನ ಕರಗಿದ್ದು ಸಾಯಂಕಾಲ ಹೊರಗೆ. ಅದೂ ಅಷ್ಟು ಸಣ್ಣ ಗ್ಲೇಸಿಯರ್ರು.”

“ಹಾಗಾದ್ರೆ ಮಿಕ್ಕ ನೀರು ಎಲ್ಲಿ ಹೋಯ್ತು ಸರ್? ನೀರು ಕಳೆದುಹೋಗಲ್ಲ ಅಂತ ಕೆಲಸಕ್ಕೆ ಸೇರೋವಾಗ ನೀವೇ ಹೇಳಿದ್ರಿ.”

“ಕಳೆದುಹೋಗಲ್ಲ. ಯಾವ ವರ್ಷದ ಮ್ಯಾಪ್ ಹಾಕಿದೀಯ?”

ಪ್ರದ್ಯುಮ್ನನಿಗೆ ಆ ನಕ್ಷೆ ಕಣ್ಣಿಗೆ ಕಟ್ಟಿದಂತಿತ್ತು. ಸಂಸ್ಥೆಯ ಹಳೆಯ ಡಿಸ್ಕಿನಲ್ಲಿ ಸಿಕ್ಕದ್ದು, ಅಂಚಿನಲ್ಲಿ ಅಳತೆಯ ವರ್ಷ ಬರೆದಿತ್ತು. ಅವನು ಆಗ ಶಾಲೆಗೂ ಸೇರಿರಲಿಲ್ಲ. ಹೇಳಿದ.

ಗೋಪಿನಾಥರು ನಗಲಿಲ್ಲ. “ಅಷ್ಟು ದೊಡ್ಡದಿಲ್ವಲ್ಲಪ್ಪಾ ಅದು ಈಗ. ಅರ್ಧಾನೂ ಇಲ್ಲ. ಅರ್ಧ ಏನು, ಕಾಲು ಭಾಗ ಇದ್ರೆ ಹೆಚ್ಚು. ನೀನು ಇಲ್ಲದೇ ಇರೋ ಮಂಜುಗಡ್ಡೆ ಕರಗಿಸ್ತಾ ಇದೀಯ.”

ಇಲ್ಲದ ಮಂಜನ್ನು ಕರಗಿಸಿ, ಇಲ್ಲದ ತೊಟ್ಟಿಗೆ ತುಂಬಿಸಿ, ಇರುವ ಊರನ್ನು ಖಾಲಿ ಮಾಡಿಸಿದ್ದೇನೆ. ಆ ವಾಕ್ಯ ಅವನ ತಲೆಯಲ್ಲಿ ಎಷ್ಟು ಅಚ್ಚುಕಟ್ಟಾಗಿ ಮೂಡಿತೆಂದರೆ ಒಂದು ಕ್ಷಣ ಅವನಿಗೆ ಹೆಮ್ಮೆಯಾಯಿತು. ಮರುಕ್ಷಣ ಗೋಪಿನಾಥರ ಕಡೆ ತಿರುಗಿದ. “ಸರ್, ನೀವೇ ಹೇಳ್ಬಿಡ್ತೀರಾ ಅವರಿಗೆ? ನಿಮ್ಮ ಜರ್ಮನ್ ಚೆನ್ನಾಗಿದೆ” ಎಂದ. ಗೋಪಿನಾಥರು ಬಾಯಿ ಚಪ್ಪರಿಸಿ, ನಾನು ರಿಟೈರ್ಡಪ್ಪಾ, ನನ್ನ ಹೆಸರು ಇದರಲ್ಲಿ ಬರಬಾರದು, ಬೇಕಾದರೆ ಕಾರು ಓಡಿಸುತ್ತೇನೆ ಎಂದು ಮತ್ತೆ ದೇವರನಾಮಕ್ಕೆ ಹೋದರು.

ಊರು ತಲುಪುವ ಹೊತ್ತಿಗೆ ಸೂರ್ಯ ನೆತ್ತಿ ದಾಟಿದ್ದ. ಊರಲ್ಲಿ ಯಾರೂ ಇರಲಿಲ್ಲ. ಕಿಟಕಿಗಳಲ್ಲಿ ಕೆಂಪು ಹೂವಿನ ಕುಂಡಗಳು, ಹಗ್ಗದ ಮೇಲೆ ಒಗೆದ ಬಟ್ಟೆ, ಬೇಕರಿಯ ಬಾಗಿಲಲ್ಲಿ ‘ತೊಟ್ಟಿಯ ಕಾರಣ ಮುಚ್ಚಿದೆ’ ಎಂಬ ಕೈಬರಹದ ಫಲಕ. ಪ್ರದ್ಯುಮ್ನ ಅದನ್ನು ನಿಂತು ಓದಿದ. ತನ್ನ ಭಾಷೆಯ ಒಂದು ಪದ ಈ ದೇಶದ ಒಂದು ಬಾಗಿಲನ್ನು ಮುಚ್ಚಿಸಿದೆ. ಇಡೀ ಊರು ಮೇಲಿನ ಹುಲ್ಲುಗಾವಲಿನಲ್ಲಿ ಸೇರಿತ್ತು. ಹಸುಗಳನ್ನು ಹೊಡೆದುಕೊಂಡು ಬಂದಿದ್ದರು, ಉದ್ದನೆಯ ಬೆಂಚುಗಳನ್ನು ಹೊತ್ತು ತಂದಿದ್ದರು, ಅಗ್ನಿಶಾಮಕ ದಳದ ಸ್ವಯಂಸೇವಕರು ಕೊಡೆಯ ಕೆಳಗೆ ಬಿಯರ್ ಹಂಚುತ್ತಿದ್ದರು. ತುತ್ತೂರಿ ಊದುವ ನಾಲ್ಕಾರು ಮುದುಕರು ನೆರಳಿನಲ್ಲಿ ಕುಳಿತು, ವಿಪತ್ತಿಗೆ ಯಾವ ಧಾಟಿ ಸರಿಹೊಂದುತ್ತದೆಂದು ತಿಳಿಯದೆ, ಹುಟ್ಟುಹಬ್ಬದ್ದೊಂದನ್ನು ನಿಧಾನವಾಗಿ ನುಡಿಸುತ್ತಿದ್ದರು. ಎಲ್ಲರ ಬೆಂಚೂ ಕೆಳಗಿನ ಹಳ್ಳಕ್ಕೆ ಮುಖಮಾಡಿತ್ತು. ಸಿನಿಮಾ ಶುರುವಾಗಲು ಕಾಯುವ ಜನದಂತೆ ಕುಳಿತಿದ್ದರು.

ಅವನು ತಲೆಯೆತ್ತಿ ಹಿಮನದಿಯನ್ನು ಹುಡುಕಿದ. ಕಣಿವೆಯ ಮೇಲ್ತುದಿಯ ಬಂಡೆಗಳ ಮಡಿಲಲ್ಲಿ, ಯಾರೋ ಒಗೆಯಲು ಹಾಕಿ ಮರೆತ ಹಾಸಿಗೆಯ ಚಾದರದಂತೆ, ಬೂದು ಬಣ್ಣದ ಒಂದು ತೇಪೆ. ಇದೇನಾ ಎಂದು ಗೋಪಿನಾಥರನ್ನು ನೋಡಿದ. ಅವರು ಹೌದೆಂದು ತಲೆಯಾಡಿಸಿ, ಶಾಮಲಾ ಕಟ್ಟಿಕೊಟ್ಟಿದ್ದ ಚಪಾತಿಯ ಪೊಟ್ಟಣ ಹಿಡಿದು ಒಂದು ಮರದ ಕೆಳಗೆ ಹೋಗಿ ಕುಳಿತರು. ಈ ಚಾದರ ಹಿಂಡಿದರೆ ಬಕೆಟ್ಟು ತುಂಬೀತೇ ಅನ್ನಿಸಿತು. ಇಷ್ಟು ಜನಕ್ಕೆ, ಇಲ್ಲೇ ಹುಟ್ಟಿ ಬೆಳೆದವರಿಗೆ, ಅದು ಕಾಣುತ್ತಿಲ್ಲವೇ? ಕಾಣುತ್ತಿತ್ತು. ಆದರೆ ಪತ್ರಿಕೆಯಲ್ಲಿ ಅಚ್ಚಾಗಿತ್ತು, ಡಾರ್ಮ್‌ಸ್ಟಾಟಿನ ಕಂಪ್ಯೂಟರು ಹೇಳಿತ್ತು.

ಊರಿನ ಮೇಯರ್ ಫ್ರೌ ಹಾಸ್ಲರ್ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು, ಕೈಯಲ್ಲಿ ವಾಕಿಟಾಕಿ ಹಿಡಿದು ಅವನ ಕಡೆ ಧಾವಿಸಿ ಬಂದಳು. ಅವನ ಕೈಯನ್ನು ಎರಡೂ ಕೈಯಿಂದ ಕುಲುಕಿದಳು. ಒಬ್ಬರನ್ನೂ ಬಿಡದೆ ಮೇಲೆ ತಂದಿದ್ದೇವೆ, ಕ್ವಿರಿನ್ ಅಜ್ಜನನ್ನು ಸಹ ಮಂಚದ ಸಮೇತ ಹೊತ್ತು ತಂದಿದ್ದೇವೆ, ಅವನು ಹೆಂಡತಿ ಸತ್ತ ಮೇಲೆ ಹೊಸ್ತಿಲು ದಾಟಿದವನಲ್ಲ ಎಂದಳು. ಆಮೇಲೆ ಎಲ್ಲರ ಕಡೆಯಿಂದ ಕೇಳುವಂತೆ ಒಂದೇ ಒಂದು ಪ್ರಶ್ನೆ ಕೇಳಿದಳು. “ಯಾವಾಗ ಬರುತ್ತದೆ?”

ತುತ್ತೂರಿ ನಿಂತಿತು. ಬೆಂಚುಗಳೆಲ್ಲ ತಿರುಗಿದವು. ಯಾವಾಗ ಬರುತ್ತೆ ಸ್ವಾಮಿ? ಅವನು ಹುಡುಗನಾಗಿದ್ದಾಗಿನ ಮನೆ, ಕೊಡ ಹಿಡಿದ ಹೆಂಗಸರು ಬಾಗಿಲಲ್ಲಿ ನಿಂತಿದ್ದಾರೆ. ಅಪ್ಪ ದ್ವಾರಕನಾಥ ಪುರಸಭೆಯ ನೀರು ಸರಬರಾಜು ವಿಭಾಗದ ಗುಮಾಸ್ತರು, ಟೈಪು ಮಾಡುವುದಷ್ಟೇ ಅವರ ಕೆಲಸ, ನಲ್ಲಿಗೂ ಅವರಿಗೂ ಸಂಬಂಧವಿಲ್ಲ, ಆದರೆ ಬೀದಿಗೆ ಸಿಗುವ ಪುರಸಭೆಯೆಂದರೆ ಅವರೊಬ್ಬರೇ. ಚಿಕ್ಕತಾಯಮ್ಮ ಎಂಬಾಕೆ ಎಲ್ಲರಿಗಿಂತ ಮುಂದೆ ನಿಂತು, ಖಾಲಿ ಕೊಡವನ್ನು ಬೆರಳಿನಿಂದ ಟಣ್ ಎನ್ನಿಸಿ ಕೇಳುತ್ತಿದ್ದಳು. ಅಪ್ಪ ಬನಿಯನ್ನಿನಲ್ಲಿ ಹೊರಗೆ ಬಂದು, ಏನೂ ಗೊತ್ತಿಲ್ಲದೆ, ಆಕಾಶ ನೋಡಿ, ಬಹಳ ಗಂಭೀರವಾಗಿ ಹೇಳುತ್ತಿದ್ದರು, “ಸಾಯಂಕಾಲ ಬರುತ್ತಮ್ಮ.” ಕೆಲವು ಸಲ ಬರುತ್ತಿತ್ತು, ಕೆಲವು ಸಲ ಇಲ್ಲ. ಬಾರದ ದಿನ ಅಪ್ಪ ಹಿಂದಿನ ಬಾಗಿಲಿನಿಂದ ಆಫೀಸಿಗೆ ಹೋಗುತ್ತಿದ್ದರು. ಶಾಲೆಗೆ ಹೊರಟ ಪ್ರದ್ಯುಮ್ನ ಮುಂಬಾಗಿಲಿನಿಂದ ಹೋಗಬೇಕಾಗುತ್ತಿತ್ತು, ಕೊಡಗಳ ಸಾಲಿನ ನಡುವೆ, ತಲೆ ತಗ್ಗಿಸಿಕೊಂಡು. ಅವರ ಮಗ ಕಣೇ, ಅನ್ನುತ್ತಿದ್ದರು. ನಾನು ದೊಡ್ಡವನಾದ ಮೇಲೆ ನನಗೆ ಗೊತ್ತಿಲ್ಲ ಅನ್ನುತ್ತೇನೆ ಎಂದು ಅವನು ಆಗ ಹಲ್ಲು ಕಚ್ಚಿ ನಿಶ್ಚಯಿಸಿದ್ದ.

“ಸಾಯಂಕಾಲ” ಎಂದ ಪ್ರದ್ಯುಮ್ನ, ಜರ್ಮನ್ ಭಾಷೆಯಲ್ಲಿ, ಬಹಳ ಗಂಭೀರವಾಗಿ.

ಸಾಯಂಕಾಲ ಎಂಬ ಸುದ್ದಿ ಬೆಂಚಿನಿಂದ ಬೆಂಚಿಗೆ ಹರಿಯಿತು. ಜನ ನಿರಾಳರಾದರು. ಯಾರೋ ಅವನ ಕೈಗೆ ಬಿಯರ್ ಕೊಟ್ಟರು, ಅವನು ಕುಡಿಯುವುದಿಲ್ಲವೆಂದಾಗ ಸೇಬಿನ ರಸ ಕೊಟ್ಟರು. ಅವನನ್ನು ಕರೆದೊಯ್ದು ಎಲ್ಲಕ್ಕಿಂತ ಒಳ್ಳೆಯ ಜಾಗದಲ್ಲಿ, ಕ್ವಿರಿನ್ ಅಜ್ಜನ ಮಂಚದ ಪಕ್ಕದಲ್ಲಿ, ಕುರ್ಚಿ ಹಾಕಿ ಕೂರಿಸಿದರು. ಅಜ್ಜ ದಿಂಬಿಗೊರಗಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ದುರ್ಬೀನು ಹಿಡಿದು ಕುಳಿತಿದ್ದ. ಅವನ ಮಾತು ಬೆಟ್ಟದ ಸೀಮೆಯದು, ಅರ್ಧ ಗಂಟಲಲ್ಲೇ ಉಳಿಯುತ್ತಿತ್ತು. ಆದರೂ ಪ್ರದ್ಯುಮ್ನನಿಗೆ ಗೊತ್ತಾದದ್ದಿಷ್ಟು. ಹಳ್ಳದ ದಡದಲ್ಲಿರುವ ಹಳದಿ ಹೋಟೆಲು ಅಜ್ಜನ ಭಾವಮೈದುನನದು, ಆಸ್ತಿ ಭಾಗವಾದಾಗ ಮೋಸದಿಂದ ಹೊಡೆದುಕೊಂಡದ್ದು. ನೀರು ಬಂದರೆ ಅದಕ್ಕೇ ಮೊದಲು ನುಗ್ಗುತ್ತದಲ್ಲವೇ?

“ಹೇಳಲಾಗದು” ಎಂದ ಪ್ರದ್ಯುಮ್ನ.

“ಅಡುಗೆಮನೆಗಾದರೂ?” ಅಜ್ಜ ಅವನ ತೋಳು ಹಿಡಿದ. ಹಿಡಿತದಲ್ಲಿ ಬೇಡಿಕೆಯಿತ್ತು. “ಹೊಸ ಅಡುಗೆಮನೆ. ಪೂರಾ ಸ್ಟೀಲು.”

ಆ ಹಿಡಿತಕ್ಕೆ ಪ್ರದ್ಯುಮ್ನ ಬೆವೆತ. ಒಬ್ಬ ಮುದುಕನನ್ನು ಮಂಚದ ಸಮೇತ ಹೊತ್ತು ತಂದಿದ್ದಾರೆ. ದಾರಿಯಲ್ಲಿ ಕೈಜಾರಿ ಬಿದ್ದಿದ್ದರೆ? ಅಲ್ಲೊಬ್ಬ ಬಸುರಿ ಕಾಲು ಚಾಚಿ ಕುಳಿತು ಬೀಸಣಿಗೆ ಬೀಸಿಕೊಳ್ಳುತ್ತಿದ್ದಾಳೆ. ಅವಳಿಗೆ ಈ ಬಿಸಿಲಲ್ಲಿ ಏನಾದರೂ ಆದರೆ? ಇದೆಲ್ಲ ಒಂದು ಮಿತಿ, ಒಂದೇ ಒಂದು ಸಾಲು, ಅಳಿಸಿದ್ದರಿಂದ. ಅವನು ಎದ್ದ. ಮೇಯರ್ ಹಸುಗಳ ಬಳಿ ನಿಂತು ವಾಕಿಟಾಕಿಯಲ್ಲಿ ಮಾತಾಡುತ್ತಿದ್ದಳು. ನಡೆಯುತ್ತ ನಡೆಯುತ್ತ ವಾಕ್ಯ ಕಟ್ಟಿಕೊಂಡ. ಕೆರೆ ಇಲ್ಲ. ಅಲ್ಲಿ ಕೆರೆ ಇಲ್ಲ. ಕನ್ನಡದಲ್ಲಿ ಎಷ್ಟು ಸಲೀಸು, ಇಲ್ಲ ಎಂದರೆ ಮುಗಿಯಿತು, ಇರಲೇ ಇಲ್ಲ ಎಂಬುದಕ್ಕೂ ಇದ್ದದ್ದು ಈಗಿಲ್ಲ ಎಂಬುದಕ್ಕೂ ಅದೊಂದೇ ಸಾಕು. ಜರ್ಮನ್‌ನಲ್ಲಿ ಒಂದೊಂದು ಇಲ್ಲಕ್ಕೂ ಒಂದೊಂದು ಪದ. ಅವಳೆದುರು ನಿಂತಾಗ, ಟ್ರಾಮಿನಲ್ಲಿ ಟಿಕೆಟ್ ತಪಾಸಣೆಗೆ ಬಂದವರೆದುರು ಆಗುವಂತೆ, ಕಲಿತದ್ದೆಲ್ಲ ಹಾರಿಹೋಯಿತು.

“ಫ್ರೌ ಹಾಸ್ಲರ್. ಕೆರೆ... ಕೆರೆ ವೆಗ್” ಎಂದ.

“ವೆಗ್?” ಅವಳ ಮುಖ ಬಿಳಿಚಿಕೊಂಡಿತು.

“ಹೌದು. ವೆಗ್. ತಪ್ಪು ನನ್ನದು, ದಯವಿಟ್ಟು ಕ್ಷಮಿಸಿ.”

ವೆಗ್ ಎಂದರೆ ಹೊರಟುಹೋಗಿದೆ ಎಂದು ಅವನಿಗೆ ನೆನಪಾಗುವಷ್ಟರಲ್ಲಿ ಅವಳು ವಾಕಿಟಾಕಿಯನ್ನು ಬಾಯಿಗಿಟ್ಟು ಕಿರುಚಿಯಾಗಿತ್ತು. ತೊಟ್ಟಿ ಹೊರಟಿದೆ! ಕೆಳಗೆ, ಯಾರೂ ಇಲ್ಲದ ಊರಿನಲ್ಲಿ, ಸೈರನ್ ಮೊಳಗಿತು. ಹಸುಗಳು ಬೆದರಿ ಗಂಟೆಗಳನ್ನು ಅಲ್ಲಾಡಿಸುತ್ತ ಬೆಂಚುಗಳ ನಡುವೆ ನುಗ್ಗಿದವು, ತುತ್ತೂರಿಯ ಮುದುಕನೊಬ್ಬ ಮಗುಚಿಬಿದ್ದ, ಬಸುರಿಯನ್ನು ಇಬ್ಬರು ಎತ್ತಿ ಇನ್ನೂ ಮೇಲಕ್ಕೆ ಓಡಿದರು. “ಇಲ್ಲ, ಇಲ್ಲ, ಹಾಗಲ್ಲ!” ಎಂದು ಪ್ರದ್ಯುಮ್ನ ಕನ್ನಡದಲ್ಲಿ ಕೂಗುತ್ತ ಅವಳ ಹಿಂದೆ ಓಡಿದ. ತಜ್ಞನೇ ಓಡುವುದನ್ನು ಕಂಡು ಮಿಕ್ಕವರೂ ಓಡಿದರು. ಮರದ ಕೆಳಗೆ ಗೋಪಿನಾಥರು ಚಪಾತಿ ಕೈಯಲ್ಲಿ ಹಿಡಿದೇ ಎದ್ದು ನಿಂತು, “ಏನಂದೆಯೋ ಮಾರಾಯ ಅವಳಿಗೆ?” ಎಂದು ಕೂಗಿದರು. ಅವನು ಓಡುತ್ತಲೇ ಇದ್ದ.

ಸೈರನ್ ನಿಂತಿತು. ಇಡೀ ಊರು ಹುಲ್ಲುಗಾವಲಿನ ಮೇಲಂಚಿನಲ್ಲಿ ಒತ್ತೊತ್ತಾಗಿ ನಿಂತು ಹಳ್ಳವನ್ನು ನೋಡುತ್ತಿತ್ತು. ಎದುರಿನ ಬೆಟ್ಟದ ನೆರಳು ಕಣಿವೆಯೊಳಕ್ಕೆ ಇಳಿಯುತ್ತಿತ್ತು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಪ್ರದ್ಯುಮ್ನ ಮೇಯರಳ ಜಾಕೆಟ್ಟಿನ ತೋಳನ್ನು ಹಿಡಿದುಕೊಂಡೇ ಇದ್ದ, ಅವಳು ಅದನ್ನು ಭಯವೆಂದು ತಿಳಿದು ಅವನ ಕೈಯ ಮೇಲೆ ತನ್ನ ಕೈಯಿಟ್ಟು ಸಮಾಧಾನ ಮಾಡುತ್ತಿದ್ದಳು. ಆಗ ಯಾರೋ “ಅಗೋ!” ಎಂದರು.

ಹಳ್ಳದ ನಡುವೆ ಒಣಗಿ ನಿಂತಿದ್ದ ಒಂದು ಬಿಳಿಯ ಕಲ್ಲು ಒದ್ದೆಯಾಯಿತು. ಅದರ ಪಕ್ಕದ ಕಲ್ಲಿನ ಸುತ್ತ ನೀರು ಬೂದು ಬಣ್ಣಕ್ಕೆ ತಿರುಗಿ, ಸುಳಿದು, ಮೊದಲ ಕಲ್ಲನ್ನು ಮೆಲ್ಲಗೆ ಮುಚ್ಚಿತು. ಹಳ್ಳ ಒಂದು ಗೇಣಿನಷ್ಟು ಏರಿತು. ಸದ್ದು ತುಸು ದಪ್ಪವಾಯಿತು. ಮಧ್ಯಾಹ್ನ ಕರಗಿದ್ದು ಸಾಯಂಕಾಲ ಹೊರಗೆ. ಬೇಸಿಗೆಯ ಪ್ರತಿದಿನ, ಈ ಹೊತ್ತಿಗೆ, ಇಷ್ಟೇ ಏರುವ ನೀರು. ಈ ಊರಿನ ಯಾರೂ ಈ ಹೊತ್ತಿನಲ್ಲಿ ಬೆಂಚು ಹಾಕಿಕೊಂಡು ಹಳ್ಳವನ್ನೇ ನೋಡುತ್ತ ಕುಳಿತವರಲ್ಲ. ಅಡುಗೆ, ಹಾಲು ಕರೆಯುವುದು, ಟೀವಿ, ಎಲ್ಲರಿಗೂ ಅವರವರ ಸಂಜೆ ಇತ್ತು. ನೀರು ಅಷ್ಟು ಏರಿ ಅಲ್ಲೇ ನಿಂತಿತು. ಜನ ಕಾದರು. ಇನ್ನೂ ಕಾದರು. ಆಮೇಲೆ ಅಗ್ನಿಶಾಮಕ ದಳದ ಮುಖ್ಯಸ್ಥ ನಿಧಾನವಾಗಿ ಚಪ್ಪಾಳೆ ತಟ್ಟಿದ. ಇನ್ನೊಬ್ಬ ತಟ್ಟಿದ. ಇಡೀ ಹುಲ್ಲುಗಾವಲು ಚಪ್ಪಾಳೆ ತಟ್ಟಿತು, ತುತ್ತೂರಿಯವರು ಎದ್ದು ಈಗ ಯಾವ ಅನುಮಾನವೂ ಇಲ್ಲದೆ ಅದೇ ಹುಟ್ಟುಹಬ್ಬದ ಧಾಟಿಯನ್ನು ಜೋರಾಗಿ ನುಡಿಸಿದರು. ತೊಟ್ಟಿ ಖಾಲಿಯಾಗಿದೆ, ಯಾರಿಗೂ ಅಪಾಯವಿಲ್ಲದೆ ಖಾಲಿಯಾಗಿದೆ ಎಂದು ಫ್ರೌ ಹಾಸ್ಲರ್ ಘೋಷಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ಪ್ರದ್ಯುಮ್ನ ಮತ್ತೊಮ್ಮೆ ಬಾಯಿ ತೆರೆದ, ಈ ಸಲ ಸರಿಯಾದ ವ್ಯಾಕರಣದಲ್ಲಿ, ಅಲ್ಲಿ ಯಾವತ್ತೂ ಕೆರೆ ಇರಲಿಲ್ಲ ಎಂದ. ಅವಳು ಅವನನ್ನು ಅಪ್ಪಿಕೊಂಡು, ನಿಮಗೆ ಬಹಳ ಆಯಾಸವಾಗಿದೆ, ಏನಾದರೂ ತಿನ್ನಿ ಎಂದಳು.

ತಿನ್ನಲು ಏನೋ ಹಿಡಿದುಕೊಂಡು ಅವನು ಕ್ವಿರಿನ್ ಅಜ್ಜನ ಬಳಿಗೆ ಹೋದ. ಗಲಾಟೆಯಲ್ಲಿ ಅಜ್ಜನನ್ನು ಎಲ್ಲರೂ ಮರೆತಿದ್ದರು, ಮಂಚ ಇದ್ದಲ್ಲೇ ಇತ್ತು. ಹೋಟೆಲಿನ ಹೊಸ್ತಿಲು ಸಹ ನೆನೆಯಲಿಲ್ಲವೆಂದು ಬೈಸಿಕೊಳ್ಳಲು ಸಿದ್ಧನಾಗಿಯೇ ಬಂದಿದ್ದ. ಆದರೆ ಅಜ್ಜ ಹಳ್ಳದ ಕಡೆ ನೋಡುತ್ತಿರಲಿಲ್ಲ. ದುರ್ಬೀನನ್ನು ಮೇಲಕ್ಕೆ, ಆ ಬೂದು ತೇಪೆಯ ಕಡೆಗೆ ಹಿಡಿದಿದ್ದ. ಅದನ್ನು ಇಳಿಸಿ ಗಾಜು ಒರೆಸಿ ಮತ್ತೆ ಹಿಡಿದ. ಅವನ ಮನೆಯ ಕಿಟಕಿಗಳು ಹಳ್ಳಕ್ಕೆ ಮಾತ್ರ ತೆರೆದಿದ್ದಿರಬೇಕು.

“ಎಲ್ಲಿ?” ಎಂದು ಕೇಳಿದ ಅಜ್ಜ.

“ಏನು?”

“ಫೆರ್ನರ್.” ತಮ್ಮ ಹಿಮನದಿಯನ್ನು ಅವರು ಹಾಗೆ ಕರೆಯುತ್ತಿದ್ದರು. ಅಜ್ಜ ಬಂಡೆಗಳ ಮೇಲಿಂದ ಕೆಳಗಿನವರೆಗೆ ಗಾಳಿಯಲ್ಲಿ ಬೆರಳಿನಿಂದ ದೊಡ್ಡದೊಂದು ಗೆರೆ ಎಳೆದು ತೋರಿಸಿದ. “ಅಲ್ಲಿತನಕ ಇತ್ತು. ಆ ಶಿಲುಬೆಯ ತನಕ. ರೋಸಿ ಜೊತೆ ಹೋಗಿದ್ದೆ, ಮದುವೆಗೆ ಮುಂಚೆ. ಅವಳು ಜಾರಿ ಬಿದ್ದಳು, ನಕ್ಕಳು.” ಬೆರಳು ಗಾಳಿಯಲ್ಲೇ ನಿಂತಿತು. ಅಜ್ಜ ಎಳೆದ ಗೆರೆಯನ್ನು ಪ್ರದ್ಯುಮ್ನ ಬಲ್ಲ. ಹಳೆಯ ನಕ್ಷೆಯ ಗೆರೆ ಅದು, ತಿಂಗಳುಗಟ್ಟಲೆ ಅವನ ಪರದೆಯ ಮೇಲೆ ನೀಲಿಯಾಗಿ ಮಿನುಗಿದ್ದ ಅದೇ ಆಕಾರ. “ನೀವು ತಜ್ಞರಂತೆ. ಎಲ್ಲಿ ಹೋಯಿತು?”

ಈ ಪ್ರಶ್ನೆಗೆ ಸಾಯಂಕಾಲ ಎಂದು ಹೇಳಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಗೋಪಿನಾಥರು ಬಂದು ಪಕ್ಕದಲ್ಲಿ ನಿಂತಿದ್ದರು. ಪ್ರದ್ಯುಮ್ನ ಹುಲ್ಲಿನ ಮೇಲೆ ಮಂಡಿಯೂರಿ, ಅಜ್ಜನ ಕಿವಿಯ ಹತ್ತಿರ ಬಾಯಿ ತಂದು, ಗೊತ್ತಿದ್ದ ಸಣ್ಣ ಸಣ್ಣ ಪದಗಳಲ್ಲಿ ಹೇಳಿದ. ಒಳಗೆ ಎಲ್ಲೂ ಇಲ್ಲ. ಹೋಯಿತು. ಒಂದೇ ಸಲ ಅಲ್ಲ. ದಿನಾ ಸಂಜೆ ಸ್ವಲ್ಪ. ಈಗ ಬಂತಲ್ಲ, ಅಷ್ಟು. ನಿಮ್ಮ ಕಿಟಕಿಯ ಕೆಳಗೇ ಹೋಯಿತು.

ಅಜ್ಜ ಅವನ ಮುಖ ನೋಡಿದ. ಸಿಟ್ಟಾಗುತ್ತಾನೆ ಅಂದುಕೊಂಡ ಪ್ರದ್ಯುಮ್ನ. ಅಜ್ಜ ತಲೆ ತಿರುಗಿಸಿ ಹಳ್ಳದ ಸದ್ದು ಕೇಳಿದ, ವರ್ಷಗಟ್ಟಲೆ ಮಲಗಿ ಕೇಳಿದ್ದ ಸದ್ದು. “ಅದು ಹಳ್ಳ ಅಂದುಕೊಂಡಿದ್ದೆ” ಎಂದ. ಸ್ವಯಂಸೇವಕರು ಬಂದು ಮಂಚದ ನಾಲ್ಕು ಕಾಲು ಹಿಡಿದು ಎತ್ತಿದರು. ಇಳಿಜಾರಿನಲ್ಲಿ ಅವನನ್ನು ಬೆನ್ನು ಮುಂದಾಗಿ ಹೊತ್ತುಕೊಂಡು ಹೋದುದರಿಂದ, ಮರಗಳು ಅಡ್ಡ ಬರುವವರೆಗೂ ಅವನ ಮುಖ ಬೆಟ್ಟದ ಕಡೆಗೇ ಇತ್ತು.

ಮುಂದಿನ ವಾರ ಪ್ರದ್ಯುಮ್ನ ನಕ್ಷೆ ಬದಲಾಯಿಸಿದ, ತೊಟ್ಟಿಗೆ ಮಿತಿ ಹಾಕಿದ, ಬ್ರಾಂಡೌನ ಎದುರು ಕುಳಿತು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದ. ಬ್ರಾಂಡೌ ಕೇಳಿಸಿಕೊಂಡು, ಆದರೆ ನೀರು ಬಂತಲ್ಲ, ನೀನು ಹೇಳಿದ ಹೊತ್ತಿಗೇ ಬಂತಲ್ಲ ಎಂದ. ಪಕ್ಕದ ಎರಡು ಕಣಿವೆಗಳವರು ತಮಗೂ ತೊಟ್ಟಿ ಇದೆಯೇ ನೋಡಿಕೊಡಿ ಎಂದು ಕೇಳಿದ್ದರು. ಇಲ್ಲ ಎಂದು ಪ್ರದ್ಯುಮ್ನ ವರದಿ ಬರೆದ, ಅವರಿಗೆ ನಿರಾಸೆಯಾಗಿ ಬೇರೆ ಸಂಸ್ಥೆಯನ್ನು ಹುಡುಕಿಕೊಂಡರು. ಮಂಜು ಬೀಳುವ ಹೊತ್ತಿಗೆ ಅವನ ಕೆಲಸ ಹೋಯಿತು, ಅದಕ್ಕೆ ಕೊಟ್ಟ ಕಾರಣ ಬೇರೆಯೇ ಇತ್ತು. ಆಮೇಲೆ ಸ್ಟುಟ್‌ಗಾರ್ಟಿನಲ್ಲಿ ಕಾರುಗಳ ಬ್ರೇಕಿಗೆ ಪ್ರೋಗ್ರಾಂ ಬರೆಯುವ ಕೆಲಸ ಸಿಕ್ಕಿ, ಹಸಿರು ಚೀಟಿ ಹೇಗೋ ಉಳಿಯಿತು. ಆದರೆ ಆ ಸಂಜೆ ಅವನಿಗೆ ಇದೊಂದೂ ಗೊತ್ತಿರಲಿಲ್ಲ. ಜನ ಬೆಂಚುಗಳನ್ನು ಹೊತ್ತು ಊರಿಗೆ ಇಳಿಯುತ್ತಿದ್ದರು, ಬೇಕರಿಯವನು ಫಲಕ ತೆಗೆಯಲು ಮುಂದಾಗಿ ಹೋಗಿದ್ದ. ಗೋಪಿನಾಥರು ಕಾರು ತಿರುಗಿಸುತ್ತಿರುವಾಗ ಅವನ ಮೊಬೈಲು ಬಡಿದುಕೊಂಡಿತು. ಭಾವನಾ.

“ರೀ, ಟೀವೀಲಿ ತೋರಿಸ್ತಾ ಇದಾರೆ, ಎಲ್ಲಾ ಚಪ್ಪಾಳೆ ತಟ್ತಾ ಇದಾರೆ. ನೀವು ಯಾರೋ ಹೆಂಗಸಿನ ಕೈ ಹಿಡ್ಕೊಂಡು ನಿಂತಿದೀರಿ. ಮಾಯಾ ಇಲ್ಲಿ ಪಪ್ಪಾ, ಪಪ್ಪಾ ಅಂತ ಕುಣೀತಾ ಇದಾಳೆ. ನಿಜವಾಗ್ಲೂ ಬಂತಾ ನೀರು?”

“ಬಂತು.”

“ಅಯ್ಯೋ ದೇವರೇ. ಎಷ್ಟು ಬಂತು?”

ಅವನು ತಿರುಗಿ ನೋಡಿದ. ಬಿಳಿಯ ಕಲ್ಲು ಇನ್ನೂ ನೀರಿನ ಕೆಳಗೇ ಇತ್ತು.

“ದಿನಾ ಬರೋವಷ್ಟೇ” ಎಂದ.